ಕೀಲಿಯಣ್ಣ ಹಾಕದ ಸಹಿ

ನಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಾರಿಡಾರಿನ ಕಟ್ಟಕಡೆಗೆ, ಹನ್ನೊಂದನೇ ನಂಬರಿನ ಕೋಣೆಯಿದೆ. ಒಳಗೆ ರೆಕ್ಸಿನ್ ಹೊದಿಸಿದ ಒಂದು ಮಂಚ, ಒಂದು ಕುರ್ಚಿ, ಕೈ ತೊಳೆಯುವ ಬೇಸಿನ್ನು, ಸದಾ ಎಳೆದೇ ಇರುವ ನೀಲಿ ಪರದೆ. ಮಕ್ಕಳಾಗದ ದಂಪತಿಗಳಲ್ಲಿ ಗಂಡನಾದವನು ಪರೀಕ್ಷೆಗೋ ಚಿಕಿತ್ಸೆಗೋ ತನ್ನ ವೀರ್ಯವನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು ಕೊಡುವುದು ಅಲ್ಲಿ. ಎಂಥಾ ದಪ್ಪ ಮೀಸೆಯವನೂ ಆ ಬಾಗಿಲ ಮುಂದೆ ನಿಂತಾಗ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾನೆ. ಆ ಕೋಣೆಯ ಕೀಲಿ ಹತ್ತೊಂಬತ್ತು ವರ್ಷಗಳಿಂದ ಒಬ್ಬರದೇ ಕೈಯಲ್ಲಿದೆ. ಅವರಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದ್ದೀತು. ನಮಗೆಲ್ಲ ಅವರು ಕೀಲಿಯಣ್ಣ.

ಕೀಲಿಯಣ್ಣನ ಕೆಲಸ ಹೇಳುವುದಕ್ಕೆ ಚಿಕ್ಕದು. ಬಂದವನ ಕೈಗೆ ಡಬ್ಬಿ ಕೊಡಬೇಕು. ಅವನು ತನ್ನ ಹೆಸರು, ಹೆಂಡತಿಯ ಹೆಸರು ಎರಡನ್ನೂ ತನ್ನ ಕೈಯಾರೆ ಅದರ ಮೇಲೆ ಬರೆಯಬೇಕು. ಕೀಲಿಯಣ್ಣ ಗಟ್ಟಿಯಾಗಿ ಓದಬೇಕು, ಅವನು ಹೌದೆನ್ನಬೇಕು. ಆಮೇಲೆ ಕೋಣೆ ತೆರೆದು ಬಿಡಬೇಕು, ಹೊರಗೆ ಸ್ಟೂಲಿನ ಮೇಲೆ ಕೂತು ಕಾಯಬೇಕು. ಅವನು ಹೊರಬಂದ ಮೇಲೆ ಡಬ್ಬಿ ಇಸಿದುಕೊಂಡು, ‘ಇಂಥವರು ನನ್ನ ಎದುರಿಗೆ ಕೋಣೆಗೆ ಹೋಗಿ ಇದನ್ನು ಕೊಟ್ಟಿದ್ದಾರೆ’ ಎಂದಿರುವ ಫಾರಂನಲ್ಲಿ ಸಾಕ್ಷಿ ಎಂಬಲ್ಲಿ ಸಹಿ ಹಾಕಿ, ನನ್ನ ಲ್ಯಾಬಿಗೆ ತಂದು ಮುಟ್ಟಿಸಬೇಕು. ಆ ಸಹಿ ಇಲ್ಲದೆ ನಾನು ಡಬ್ಬಿಯ ಮುಚ್ಚಳ ತೆಗೆಯುವ ಹಾಗಿಲ್ಲ. ಕೋಣೆಯಿಂದ ಲ್ಯಾಬಿಗೆ ಇಪ್ಪತ್ತಾರು ಹೆಜ್ಜೆ. ಅಷ್ಟು ದೂರವೂ ಕೀಲಿಯಣ್ಣ ಡಬ್ಬಿಯನ್ನು ಎರಡು ಅಂಗೈ ನಡುವೆ, ಕೋಳಿಮೊಟ್ಟೆ ಹಿಡಿದ ಹಾಗೆ ಹಿಡಿದು ತರುತ್ತಾರೆ. ಒಳಗಿರುವುದಕ್ಕೆ ಮೈಯ ಬಿಸಿ ತಪ್ಪಬಾರದೆಂದು ಹಳೆಯ ಡಾಕ್ಟರು ಎಂದೋ ಹೇಳಿದ್ದರಂತೆ. ಚಳಿ ದಿನಗಳಲ್ಲಿ ಅಂಗಿಯೊಳಗೆ ಇಟ್ಟುಕೊಂಡು ಬಂದದ್ದೂ ಉಂಟು.

ನಾನು ಲ್ಯಾಬಿನವಳು. ಹದಿನಾಲ್ಕು ವರ್ಷದಿಂದ ಬೆಳಗಿನಿಂದ ಸಂಜೆಯ ತನಕ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ವೀರ್ಯಾಣು ಎಣಿಸುತ್ತೇನೆ. ಎಷ್ಟಿವೆ, ಎಷ್ಟು ಈಜುತ್ತವೆ, ಎಷ್ಟು ನಿಂತಲ್ಲೇ ಬಾಲ ಅಲ್ಲಾಡಿಸುತ್ತವೆ, ಎಷ್ಟಕ್ಕೆ ತಲೆ ಸೊಟ್ಟ. ಹೊಸದರಲ್ಲಿ ಬೆರಗಾಗುತ್ತಿತ್ತು. ಈಗ ಕುತ್ತಿಗೆ ನೋಯುತ್ತದೆ, ಅಷ್ಟೇ. ಮನೆಗೆ ಹೋಗಿ ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಚುಕ್ಕಿಗಳು ಓಡಾಡುತ್ತಿರುತ್ತವೆ. ನನ್ನ ಗಂಡ, ‘ಎಲ್ಲರ ಮನೆ ತೊಟ್ಟಿಲಿನ ಲೆಕ್ಕವೂ ನಿನ್ನ ಹತ್ತಿರವೇ ಇದೆ’ ಎಂದು ರೇಗಿಸುತ್ತಾರೆ. ಅವರಿಗೇನು ಗೊತ್ತು, ನನ್ನ ಹತ್ತಿರ ಇರುವುದು ಬರೀ ಕಣ್ಣುನೋವು.

ನಮ್ಮ ಮಹಡಿಗೆ ಎರಡು ಬಗೆಯ ಗಂಡಸರು ಬರುತ್ತಾರೆ. ಮಕ್ಕಳು ಬೇಕೆನ್ನುವವರು ಒಂದು ಬಗೆ. ಇನ್ನು ಸಾಕೆಂದು ಆಪರೇಷನ್ ಮಾಡಿಸಿಕೊಂಡವರು ಇನ್ನೊಂದು. ಆಪರೇಷನ್ ಆದ ಕೂಡಲೇ ಎಲ್ಲ ಮುಗಿಯಿತೆಂದು ಈ ಎರಡನೆಯವರು ತಿಳಿದಿರುತ್ತಾರೆ. ಹಾಗಲ್ಲ, ನಾಳ ಕತ್ತರಿಸಿದ ಮೇಲೂ ಅದರ ಮುಂದಿನ ಭಾಗದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿ, ಒಂದೂ ಇಲ್ಲವೆಂದು ಖಚಿತವಾಗುವ ತನಕ ನಿರೋಧ್ ಬಿಡುವಂತಿಲ್ಲ. ಹಾಗೆ ಬಂದವನೊಬ್ಬ ನನ್ನ ರಿಪೋರ್ಟಿನಲ್ಲಿ ಸೊನ್ನೆ ನೋಡಿ ಕೀಲಿಯಣ್ಣನನ್ನು ತಬ್ಬಿಕೊಂಡಿದ್ದ. ಅದೇ ದಿನ, ಅದೇ ಬೆಂಚಿನಲ್ಲಿ, ಅದೇ ಸೊನ್ನೆ ಹಿಡಿದುಕೊಂಡು ಇನ್ನೊಬ್ಬ ಗೋಡೆ ನೋಡುತ್ತ ಕೂತಿದ್ದ. ಕೀಲಿಯಣ್ಣ ಇಬ್ಬರಿಗೂ ನೀರು ತಂದುಕೊಟ್ಟರು. ಆಮೇಲೆ ನನ್ನ ಕಿಟಕಿಗೆ ಬಂದು, “ಇಬ್ಬರ ರಿಪೋರ್ಟೂ ಒಂದೇ ಮೇಡಂ. ಅದಲು ಬದಲಾಗಿದ್ರೂ ಯಾರಿಗೂ ತಿಳೀತಿರಲಿಲ್ಲ” ಎಂದರು. ನಾನು ನಕ್ಕೆ. ಅವರು ನಗಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಕೀಲಿಯಣ್ಣನಿಗೂ ಮಕ್ಕಳಿಲ್ಲ. ಅದು ಇಡೀ ಆಸ್ಪತ್ರೆಗೆ ಗೊತ್ತು. ಅವರ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತೇವೆ. ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಅತ್ತಿಗೆ ಊಟದ ಡಬ್ಬಿ ಹಿಡಿದು ಮೂರು ಮಹಡಿ ಹತ್ತಿ ಬರುತ್ತಿದ್ದರು. ಲಿಫ್ಟು ರೋಗಿಗಳಿಗಂತೆ, ತನಗೇನಾಗಿದೆ ಎನ್ನುತ್ತಿದ್ದರು. ಏದುಸಿರು ಇಳಿಯುವ ತನಕ ಕಾಯುವ ಹೆಂಗಸರ ಮಧ್ಯೆ ಬೆಂಚಿನಲ್ಲಿ ಕೂರುತ್ತಿದ್ದರು. ಕೂತವರು ಸುಮ್ಮನಿರುತ್ತಿರಲಿಲ್ಲ. ಯಾರಿಗೆ ಸೂಜಿ ಚುಚ್ಚಿ ಹೊಟ್ಟೆ ನೀಲಿಗಟ್ಟಿದೆ, ಯಾರಿಗೆ ಮಾತ್ರೆ ತಗೊಂಡು ತಲೆ ತಿರುಗುತ್ತಿದೆ, ಯಾರ ಅತ್ತೆ ಏನಂದಳು, ಎಲ್ಲ ವಿಚಾರಿಸುವರು. “ನಂದೂ ಎಲ್ಲಾ ಆಗಿದೆ ಕಣಮ್ಮಾ, ಹೊಟ್ಟೆ ಕೂಡ ಕೊಯ್ಸಿಕೊಂಡಿದೀನಿ. ನನ್ನ ಹಣೇಲಿ ಇರಲಿಲ್ಲ, ನಿಂಗೆ ಆಗತ್ತೆ ಬಿಡು” ಎನ್ನುವರು. ಆ ಮಾತು ಕೇಳಿ ಎಷ್ಟು ಜನ ಕಣ್ಣೊರೆಸಿಕೊಂಡಿದ್ದಾರೋ.

ಮನೆಯಲ್ಲಿ ಕೀಲಿಯಣ್ಣನ ತಾಯಿ ಇದ್ದಾರೆ. ಎಂಬತ್ತು ದಾಟಿದೆ. ಕಣ್ಣು ಪೂರಾ ಹೋಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ಅತ್ತಿಗೆ ಅವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ತುತ್ತು ಮಾಡಿ ಬಾಯಿಗಿಟ್ಟರೆ, ತುತ್ತು ನುಂಗಿದ ಬಾಯಿಯಲ್ಲೇ ಬಂಜೆ ಎನ್ನುತ್ತಾರಂತೆ. ಇದನ್ನು ಅತ್ತಿಗೆ ನಗುತ್ತಲೇ ಹೇಳಿದ್ದರು. “ಬೈಗುಳ ಇಲ್ಲದಿದ್ರೆ ಅವರಿಗೆ ಅರಗಲ್ಲ ಕಣೇ.” ಕೀಲಿಯಣ್ಣ ಪಕ್ಕದಲ್ಲೇ ನಿಂತು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಕೀಲಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

ಆ ಟೈಲರ್ ಬಂದದ್ದು ಒಂದು ಗುರುವಾರ. ಮೂವತ್ತನಾಲ್ಕರ ಆಸುಪಾಸು, ಬಿಗಿಯಾಗಿ ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಒಂದು ಚೀಲ. ಹೆಂಡತಿ ಪ್ರೈಮರಿ ಶಾಲೆಯ ಟೀಚರ್. ಮದುವೆಯಾಗಿ ಆರು ವರ್ಷ. ಐದು ತಿಂಗಳ ಹಿಂದೆ ಅವನ ಮೊದಲ ಪರೀಕ್ಷೆ ಮಾಡಿದವಳು ನಾನೇ. ಮನೆ ಹತ್ತಿರವಿದ್ದವರು ಪರೀಕ್ಷೆಗೆ ಬೇಕಾದ್ದನ್ನು ಮನೆಯಿಂದಲೇ ಅರ್ಧ ಗಂಟೆಯೊಳಗೆ ತಂದುಕೊಡಬಹುದು, ಹಾಗೆ ತಂದಿದ್ದ. ರಿಪೋರ್ಟು ಚಿನ್ನದಂತಿತ್ತು. ಗಂಡನದು ಸರಿಯಿದೆ ಎಂದಮೇಲೆ ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ನಾಳಗಳಿಗೆ ಬಣ್ಣ ಬಿಟ್ಟು ಎಕ್ಸರೇ ತೆಗೆದರು. ಆಕೆ ನೋವಿಗೆ ಮೇಜಿನ ಅಂಚು ಹಿಡಿದು ಉಗುರು ಮುರಿದುಕೊಂಡಳು. ತಿಂಗಳಿಗೆ ಐದು ದಿನ ಮಾತ್ರೆ, ದಿನ ಬಿಟ್ಟು ದಿನ ಇಂಜೆಕ್ಷನ್ನು, ಮತ್ತೆ ಮತ್ತೆ ಸ್ಕ್ಯಾನು.

ಆ ಗುರುವಾರ ಚಿಕಿತ್ಸೆಯ ದಿನ. ಗಂಡನ ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನಷ್ಟೇ ಉಳಿಸಿಕೊಂಡು, ತೆಳ್ಳಗಿನ ನಳಿಕೆಯಲ್ಲಿ ಹೆಂಡತಿಯ ಗರ್ಭಕೋಶದೊಳಗೆ ಬಿಡುವುದು. ಅಂಡ ಬಿಡುಗಡೆಯಾಗಲು ಹಿಂದಿನ ಹಿಂದಿನ ರಾತ್ರಿಯೇ ಇಂಜೆಕ್ಷನ್ ಕೊಟ್ಟಾಗಿತ್ತು. ಹೊರಬಂದ ಅಂಡದ ಆಯುಸ್ಸು ಒಂದು ದಿನ, ಹೆಚ್ಚೆಂದರೆ. ಆ ದಿನ ತಪ್ಪಿದರೆ ಒಂದು ತಿಂಗಳ ಸೂಜಿ, ಮಾತ್ರೆ ಎಲ್ಲ ನೀರುಪಾಲು. ಟೀಚರ್ ಒಳಗೆ ಮಂಚದ ಮೇಲೆ, ಡಾಕ್ಟರು ಹೇಳಿದಂತೆ ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಮಲಗಿದ್ದಳು.

ಚಿಕಿತ್ಸೆಯ ದಿನ ಮನೆಯಿಂದ ತರುವ ಹಾಗಿಲ್ಲ, ನಮ್ಮ ಕೋಣೆಯಲ್ಲೇ ಆಗಬೇಕು. ಟೈಲರ್ ಡಬ್ಬಿಯ ಮೇಲೆ ಹೆಸರು ಬರೆದ, ಹೌದೆಂದ, ಒಳಗೆ ಹೋದ, ನಾಲ್ಕೇ ನಿಮಿಷಕ್ಕೆ ಬಂದ. ಕೀಲಿಯಣ್ಣ ಡಬ್ಬಿಯನ್ನು ಎಂದಿನಂತೆ ಎರಡು ಕೈಯಲ್ಲೂ ಹಿಡಿದರು. ಹಿಡಿದವರು ಹಾಗೇ ನಿಂತರು. ಆಮೇಲೆ ಇಪ್ಪತ್ತಾರು ಹೆಜ್ಜೆ ನಡೆದು ನನ್ನ ಕಿಟಕಿಗೆ ಬಂದರು. ಫಾರಂನಲ್ಲಿ ಸಹಿ ಇರಲಿಲ್ಲ.

“ಮುಟ್ಟಿ ನೋಡಿ ಮೇಡಂ.”

ಮುಟ್ಟಿದೆ. ಡಬ್ಬಿ ತಣ್ಣಗಿತ್ತು. ಬೆಳಕಿಗೆ ಹಿಡಿದು ಓರೆ ಮಾಡಿದೆ. ಆಗತಾನೇ ಹೊರಬಂದದ್ದು ಲೋಳೆಯಾಗಿ ಹೆಪ್ಪುಗಟ್ಟಿರುತ್ತದೆ, ಕರಗಿ ನೀರಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಇದು ಆಗಲೇ ನೀರಾಗಿ ಡಬ್ಬಿಯ ತುಂಬ ಓಡಾಡುತ್ತಿತ್ತು. ನಾಲ್ಕು ನಿಮಿಷದಲ್ಲಿ ಇದು ಆಗುವ ಮಾತಲ್ಲ. ಎಲ್ಲಿಂದಲೋ ತಂದು ನಮ್ಮ ಡಬ್ಬಿಗೆ ಸುರಿದದ್ದು. ಐದು ತಿಂಗಳ ಹಿಂದೆ ನಾನು ಎಣಿಸಿ ಹೊಗಳಿದ್ದೂ ಇದನ್ನೇ ಇರಬೇಕು ಎಂದು ಆಗ ಹೊಳೆಯಿತು. ಯಾರದೋ ಲೆಕ್ಕ ನಂಬಿಕೊಂಡು ನಾವು ಆ ಹೆಂಗಸಿನ ಹೊಟ್ಟೆಯನ್ನು ಜರಡಿ ಮಾಡಿದ್ದೆವು.

ನನಗೆ ತಲೆ ಕೆಟ್ಟುಹೋಯಿತು. ಎದ್ದು ನೇರ ಡಾಕ್ಟರ ಬಳಿ ಹೊರಟೆ. ಕೀಲಿಯಣ್ಣ ಬಾಗಿಲಿಗೆ ಅಡ್ಡ ನಿಂತರು.

“ಹತ್ತು ನಿಮಿಷ ಕೊಡಿ ಮೇಡಂ. ನಾವು ಹೇಳಿದ್ರೆ ಆ ಹೆಣ್ಣಿಗೆ ಗಂಡ ಕಳ್ಳ ಅಂತ ಗೊತ್ತಾಗತ್ತೆ, ಅಷ್ಟೇ. ಅವನ ಬಾಯಿಂದಲೇ ಬಂದ್ರೆ ಬೇರೆ.”

“ಏನು ಬೇರೆ? ಹತ್ತು ನಿಮಿಷ ಆದ್ಮೇಲೆ ನಾನೇ ಹೋಗಿ ಹೇಳ್ತೀನಿ.”

“ಹೇಳಿ. ನಾನಂತೂ ಸಹಿ ಹಾಕಲ್ಲ.”

ಡಬ್ಬಿಯನ್ನು ನನ್ನ ಬಳಿಯೇ ಬಿಟ್ಟು ಹೋದರು. ಕಿಟಕಿ ತೆರೆದೇ ಇತ್ತು. ಅವರಿಬ್ಬರೂ ಕೂತದ್ದು ಅದರ ಪಕ್ಕದ ಬೆಂಚಿನಲ್ಲಿ. ಕದ್ದು ಕೇಳಿದೆನೆಂದು ಯಾರಾದರೂ ಅಂದರೆ ಅನ್ನಲಿ, ನಾನು ಕಿಟಕಿ ಮುಚ್ಚಲಿಲ್ಲ.

“ಇದು ನಿಂದಲ್ಲ ಅಲ್ವೇನಪ್ಪಾ?”

ಟೈಲರ್ ಮೊದಲು ರೇಗಿದ. “ಏನ್ ಮಾತಾಡ್ತಿದೀರಿ ನೀವು? ನಿಮ್ಮ ಕಣ್ಣೆದುರಿಗೇ ಒಳಗೆ ಹೋಗಿ ಬಂದಿಲ್ವಾ?”

“ನೀನು ಹೋಗಿ ಬಂದೆ, ನಿಜ. ಹತ್ತೊಂಬತ್ತು ವರ್ಷ ಇದನ್ನೇ ಹೊತ್ತಿದೀನಿ. ನನ್ನ ಕೈಗೆ ಸುಳ್ಳು ಹೇಳ್ಬೇಡ.”

ಆಮೇಲೆ ಟೈಲರ್ ಚೀಲದಿಂದ ಖಾಲಿ ಔಷಧಿ ಬಾಟಲಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ತಮ್ಮಂದು,” ಎಂದ. “ನನ್ನ ತಮ್ಮಂದು. ಅವನಿಗೆ ಎರಡು ಮಕ್ಕಳಿದಾವೆ. ಕಾಲು ಹಿಡಿದು ಒಪ್ಪಿಸಿದೀನಿ. ಎರಡು ವರ್ಷದ ಹಿಂದೆ ಬೇರೆ ಊರಲ್ಲಿ ನನ್ನದು ಎರಡು ಸಲ ಪರೀಕ್ಷೆ ಮಾಡಿಸಿದೆ ಅಣ್ಣಾ. ಎರಡು ಸಲಾನೂ ಸೊನ್ನೆ. ಒಂದೇ ಹೊಟ್ಟೇಲಿ ಹುಟ್ಟಿದವರು, ಒಂದೇ ರಕ್ತ. ಮನೆ ಮಾತು ಮನೇಲೇ ಇರತ್ತೆ. ಅವಳಿಗೂ ಮಗು ಸಿಗತ್ತೆ. ಯಾರಿಗೇನು ನಷ್ಟ ಹೇಳಿ?”

“ಅವಳಿಗೆ ಗೊತ್ತಾ?”

“ಹೇಗೆ ಹೇಳೋದು? ಇವತ್ತೊಂದು ದಿನ ಬಿಟ್ಟುಬಿಡಿ ಅಣ್ಣಾ. ಐದು ತಿಂಗಳು ಸೂಜಿ ಚುಚ್ಚಿಸಿಕೊಂಡಿದಾಳೆ. ಇವತ್ತು ತಪ್ಪಿದ್ರೆ ಅಷ್ಟೂ ದಂಡ. ಬರೀ ಒಂದು ಸಹಿ.”

“ಆ ಸೂಜಿ ಚುಚ್ಚಿಸಿದ್ದು ಯಾರು?”

ಟೈಲರ್ ಆಗ ಸಿಡಿದ. “ಹೇಳೋದು ಸುಲಭ. ನಾನು ಸೊನ್ನೆ ಅಂತ ಹೆಂಡತಿ ಮುಂದೆ ನಿಂತು ಹೇಳೋದು ಅಂದ್ರೇನು ಅಂತ ನಿಮಗೇನು ಗೊತ್ತು?”

ಕೀಲಿಯಣ್ಣ ಕೀಲಿಯನ್ನು ಮಣಿಕಟ್ಟಿನಿಂದ ಬಿಚ್ಚಿದರು. ಮತ್ತೆ ಕಟ್ಟಿಕೊಂಡರು.

“ಗೊತ್ತಿಲ್ಲ,” ಎಂದರು. “ನಾನೂ ಹೇಳಿಲ್ಲ.”

ಆಮೇಲೆ ಅವರು ಹೇಳಿದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಅವರಿಗೆ ಮಂಗನಬಾವು ಬಂದಿತ್ತಂತೆ. ಕೆನ್ನೆಯ ಬಾವು ಇಳಿಯಿತು, ವೃಷಣಗಳ ಬಾವು ವಾರವಾದರೂ ಇಳಿದಿರಲಿಲ್ಲ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ ಗುಟ್ಟಾಗಿ ನಮ್ಮ ಆಸ್ಪತ್ರೆಗೇ ಬಂದು ಪರೀಕ್ಷೆ ಮಾಡಿಸಿದರು. ನನಗಿಂತ ಹಿಂದೆ ಲ್ಯಾಬಿನಲ್ಲಿದ್ದವರು ಸೊನ್ನೆ ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ಮನೆಗೆ ಹೋಗಲು ಧೈರ್ಯ ಸಾಲದೆ ಸಂಜೆಯ ತನಕ ಬೆಂಚಿನಲ್ಲೇ ಕೂತಿದ್ದರು. ಅಷ್ಟು ಹೊತ್ತು ಎಲ್ಲಿದ್ದೆ ಎಂದು ಮನೆಯಲ್ಲಿ ಕೇಳಿದರೆ ಉತ್ತರ ಬೇಕಲ್ಲ, ಹಳೆಯ ಡಾಕ್ಟರನ್ನು ಒಂದು ಕೆಲಸ ಕೇಳಿದರು. ಈ ಕೋಣೆಯ ಕೆಲಸ ಖಾಲಿಯಿತ್ತು. ಮನೆಗೆ ಹೋಗಿ, ಕೆಲಸ ಸಿಕ್ಕಿತು ಎಂದರು.

“ಎರಡು ವರ್ಷ ಆದ್ಮೇಲೆ ನಮ್ಮಮ್ಮ ನನ್ನ ಹೆಂಡತೀನ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದ್ರು. ಅಲ್ಲಿಯ ಡಾಕ್ಟರು ನಂದು ಪರೀಕ್ಷೆ ಆಗಿದೆಯಾ ಅಂದ್ರು. ಆಗಿದೆ, ಸರಿಯಿದೆ ಅಂದೆ. ಹಾಗೇ ಬರಕೊಂಡ್ರು. ನಾಳ ಕಟ್ಟಿರಬಹುದು ಅಂತ ಅವಳ ಹೊಟ್ಟೆ ಕೊಯ್ದು ನೋಡಿದ್ರು. ಏನೂ ಇರಲಿಲ್ಲ. ಕೊಯ್ಯೋಕೆ ಒಪ್ಪಿಗೆ ಅಂತ ಕೆಳಗಡೆ ಸಹಿ ಹಾಕಿದ್ದು ನಾನೇ.” ಅವರ ದನಿ ಏರಲಿಲ್ಲ, ಬಹಳ ದಣಿದವರ ದನಿಯಾಗಿತ್ತು. “ಆ ಒಂದು ಸಹಿ ಹಾಕಿಯೇ ಸಾಕಾಗಿದೆ ಕಣಪ್ಪಾ. ಇನ್ನೊಂದು ಹಾಕಲಾರೆ. ಹೋಗಿ ಹೇಳು. ಇವತ್ತು ಹೇಳಿದ್ರೆ ಐದು ತಿಂಗಳ ತಪ್ಪು. ಬಿಟ್ರೆ ಅದು ಬೆಳೀತಾನೇ ಹೋಗತ್ತೆ.”

ಟೈಲರ್ ಅಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ. ಸಿಟ್ಟು ಬಂದದ್ದು ಕೀಲಿಯಣ್ಣನ ಮೇಲೆ. ‘ನನ್ನ ಹಣೇಲಿ ಇರಲಿಲ್ಲ’ ಎಂದು ಅದೇ ಬೆಂಚಿನಲ್ಲಿ ಕೂತು ಅತ್ತಿಗೆ ಹೇಳುತ್ತಿದ್ದಾಗೆಲ್ಲ ಈ ಮನುಷ್ಯ ಮಾತು ಕೇಳುವಷ್ಟು ದೂರದ ಸ್ಟೂಲಿನಲ್ಲಿ ಕಿವಿ ತೆರೆದುಕೊಂಡೇ ಕೂತಿದ್ದರು.

ಟೈಲರ್ ಎದ್ದು ಹೋದ. ಒಳಗೇನು ನಡೆಯಿತೆಂದು ನರ್ಸು ಆಮೇಲೆ ಹೇಳಿದಳು. ಅವನು ಮಂಚದ ಪಕ್ಕ ನಿಂತು ನಾಲ್ಕೇ ಮಾತಿನಲ್ಲಿ ಎಲ್ಲ ಒಪ್ಪಿಸಿದನಂತೆ. ಟೀಚರ್ ಕೇಳಿಸಿಕೊಂಡು, “ಮೊದಲು ನಾನು ಬಾತ್‌ರೂಮಿಗೆ ಹೋಗಿ ಬರ್ತೀನಿ” ಎಂದಳಂತೆ. ಬಹಳ ಹೊತ್ತು ಬರಲಿಲ್ಲ. ಬಂದವಳು ಚಪ್ಪಲಿ ಮೆಟ್ಟಿಕೊಂಡು, “ಕೇಳಿದ್ರೆ ಒಪ್ತಿದ್ದೆನೋ ಏನೋ. ಕೇಳಬೇಕಿತ್ತು ನೀವು” ಎಂದು ಒಬ್ಬಳೇ ಮೆಟ್ಟಿಲಿಳಿದಳು. ಅವನು ಚೀಲ ಹಿಡಿದು ಹಿಂದೆ ಹಿಂದೆ ಹೋದ. ನಾನು ಡಬ್ಬಿಯನ್ನು ಬ್ಲೀಚಿಂಗ್ ಬಕೆಟ್ಟಿಗೆ ಹಾಕಿ, ಫಾರಂ ಮೇಲೆ ರದ್ದು ಎಂದು ಬರೆದು, ಡಾಕ್ಟರಿಗೆ ವಿಷಯ ಮುಟ್ಟಿಸಿದೆ.

ಗಂಟೆ ಹನ್ನೆರಡೂಕಾಲು. ಕೀಲಿಯಣ್ಣನ ಎದುರು ಹೋಗಿ ನಿಂತೆ.

“ಅತ್ತಿಗೆಗೆ ಯಾವಾಗ ಹೇಳ್ತೀರಿ?”

“ಈಗ ಹೇಳಿ ಏನ್ ಪ್ರಯೋಜನ ಮೇಡಂ? ಅವಳಿಗೂ ನಲವತ್ತೆಂಟಾಯ್ತು. ಮುಟ್ಟು ಕೂಡ ನಿಂತಿದೆ.”

“ಗಂಡನ ಬಾಯಿಂದಲೇ ಬಂದ್ರೆ ಬೇರೆ ಅಂದ್ರಲ್ಲ, ಅದು ಬರೀ ಟೈಲರ್‌ಗಾ?”

ಅವರು ನನ್ನ ಮುಖ ನೋಡಲಿಲ್ಲ. ಹೇಳದಿದ್ದರೆ ನಾನೇ ಹೇಳುವುದು ಎಂದು ನಾನು ತೀರ್ಮಾನಿಸಿಯಾಗಿತ್ತು, ಅದು ಅವರಿಗೆ ನನ್ನ ದನಿಯಲ್ಲೇ ತಿಳಿದಿರಬೇಕು.

ಅತ್ತಿಗೆ ಬಂದರು, ಏದುಸಿರು ಬಿಟ್ಟು ಕೂತರು, ಆಮೇಲೆ ಇಬ್ಬರೂ ಎಂದಿನಂತೆ ಹಿಂದಿನ ಮೆಟ್ಟಿಲಿಗೆ ಊಟಕ್ಕೆ ಹೋದರು. ಲ್ಯಾಬಿನ ಹಿಂಬದಿಯ ಕಿಟಕಿಯಿಂದ ಆ ಮೆಟ್ಟಿಲು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅತ್ತಿಗೆ ತಟ್ಟೆಗೆ ಬಡಿಸುತ್ತಿದ್ದರು. ಕೀಲಿಯಣ್ಣ ತಟ್ಟೆ ನೋಡುತ್ತ ಮಾತಾಡುತ್ತಿದ್ದರು. ಅತ್ತಿಗೆಯ ಕೈ ಸೌಟಿನ ಸಮೇತ ನಿಂತಿತು. ಒಂದೇ ಒಂದು ಮಾತು ಕೇಳಿದಂತೆ ಕಂಡಿತು. ಕೀಲಿಯಣ್ಣ ಉತ್ತರ ಕೊಟ್ಟರು. ಅತ್ತಿಗೆ ಸೌಟನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ, ಬಡಿಸಿದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಏನು ಕೇಳಿದರೆಂದು ಕೀಲಿಯಣ್ಣ ನನಗೆ ಹೇಳಿದ್ದು ಒಂದು ವಾರದ ಮೇಲೆ. “ನನ್ನ ಹೊಟ್ಟೆ ಕೊಯ್ದದ್ದು ಆ ಚೀಟಿ ಬರೋಕೆ ಮುಂಚೆಯಾ, ಆಮೇಲಾ ಅಂದಳು. ಆಮೇಲೆ ಅಂದೆ.”

ಅಲ್ಲಿಂದ ಊಟ ಬರುವುದು ನಿಂತಿತು. ಮನೆಯಲ್ಲಿ ಅಡುಗೆ ನಡೆಯುತ್ತಿತ್ತು, ಅತ್ತೆಯ ಸ್ನಾನ ನಡೆಯುತ್ತಿತ್ತು, ಮಾತು ಮಾತ್ರ ಇರಲಿಲ್ಲವಂತೆ. ಕೀಲಿಯಣ್ಣ ಮಧ್ಯಾಹ್ನ ಬಿಸ್ಕೆಟ್ಟಿನ ಪೊಟ್ಟಣ ಬಿಚ್ಚಿಕೊಂಡು ಸ್ಟೂಲಿನಲ್ಲೇ ಕೂರುತ್ತಿದ್ದರು. ಬಂದ ಗಂಡಸರನ್ನು ರೇಗಿಸುವುದು ನಿಂತಿತು. ‘ಎದೆ ಗಟ್ಟಿ ಮಾಡ್ಕೊಳಪ್ಪಾ, ಒಳಗೆ ಹುಲಿ ಇಲ್ಲ’ ಎಂಬ ಅವರ ಹಳೆಯ ಮಾತಿಲ್ಲದೆ ಕಾರಿಡಾರು ಬಿಕೋ ಎನ್ನುತ್ತಿತ್ತು. ಬೆಂಚಿನ ಹೆಂಗಸರು ಅತ್ತಿಗೆ ಎಲ್ಲಿ ಎಂದು ಕೇಳಿದರೆ ಹುಷಾರಿಲ್ಲ ಎನ್ನುವರು. ನಾನು ತಪ್ಪು ಮಾಡಿದೆನೇ ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು. ಆದರೆ ಬಾಯಿ ಬಿಟ್ಟು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

ಮೂರನೇ ವಾರದಲ್ಲಿ ಟೈಲರ್ ಮತ್ತು ಟೀಚರ್ ಒಟ್ಟಿಗೆ ಬಂದರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಸೊನ್ನೆಯಲ್ಲೂ ಎರಡು ಬಗೆಯಿದೆ. ಕೆಲವರಲ್ಲಿ ವೃಷಣವೇ ವೀರ್ಯಾಣು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಕೆಲವರಲ್ಲಿ ತಯಾರಾಗುತ್ತಿರುತ್ತದೆ, ಹೊರಬರುವ ದಾರಿ ಮುಚ್ಚಿರುತ್ತದೆ. ಅಂಥವರಲ್ಲಿ ಸೂಜಿಯಿಂದ ನೇರ ವೃಷಣದಿಂದಲೇ ತೆಗೆಯಲು ಆಗುತ್ತದೆ. ಟೈಲರ್‌ನದು ಯಾವುದೆಂದು ರಕ್ತಪರೀಕ್ಷೆ, ಸ್ಕ್ಯಾನು ಮಾಡಿ ನೋಡಬೇಕು. ಎರಡು ವರ್ಷದ ಹಿಂದೆಯೇ ಬಾಯಿಬಿಟ್ಟಿದ್ದರೆ ಎರಡು ವರ್ಷದ ಹಿಂದೆಯೇ ನೋಡಬಹುದಿತ್ತು. ಇದನ್ನು ನಾನು ಅವನಿಗೆ ಸ್ವಲ್ಪ ಖಾರವಾಗಿಯೇ ಹೇಳಿದೆ. ಟೀಚರ್ ಫಾರಂ ಇಸಿದುಕೊಂಡು ಎಲ್ಲ ಸಾಲನ್ನೂ ಓದಿ, ಆಮೇಲೆ ಗಂಡನಿಗೆ ಪೆನ್ನು ಕೊಟ್ಟಳು.

ಆ ವಾರದ ಶನಿವಾರ ಹನ್ನೆರಡೂವರೆಗೆ ಅತ್ತಿಗೆ ಬಂದರು. ಕೈಯಲ್ಲಿ ಊಟದ ಡಬ್ಬಿಯಿಲ್ಲ, ಒಂದು ಹಳೆಯ ಕಂದು ಫೈಲು. ಏದುಸಿರಿರಲಿಲ್ಲ, ಆ ದಿನ ಲಿಫ್ಟಿನಲ್ಲಿ ಬಂದಿದ್ದರು. ಸೀದಾ ನನ್ನ ಕಿಟಕಿಗೆ ಬಂದು ಫೈಲು ತಳ್ಳಿದರು.

“ಇದರಲ್ಲಿ ಏನಿದೆ ಓದಮ್ಮಾ. ಅಂದು ಯಾರೂ ನಂಗೆ ಓದಿ ಹೇಳಲಿಲ್ಲ.”

ದೊಡ್ಡಾಸ್ಪತ್ರೆಯ ಹಾಳೆಗಳು, ಮಡಿಕೆಗಳಲ್ಲಿ ಹರಿದಿದ್ದವು. ಓದಿದೆ. ನಾಳಗಳು ತೆರೆದಿವೆ. ಅಂಡಾಶಯಗಳು ಸರಿಯಿವೆ. ಗರ್ಭಕೋಶ ಸರಿಯಿದೆ. ಗಂಡನ ಹೇಳಿಕೆಯ ಪ್ರಕಾರ ಗಂಡನ ಪರೀಕ್ಷೆ ಸರಿಯಿದೆ. ಕಾರಣ ತಿಳಿದಿಲ್ಲ.

“ಅಂದ್ರೆ ನಂದೆಲ್ಲ ಸರಿಯಿತ್ತು.”

“ಎಲ್ಲ ಸರಿಯಿತ್ತು ಅತ್ತಿಗೆ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರೊರೆಸುವ ಹಾಗೆ. “ಅವರ ಆ ಹಳೇ ಚೀಟಿ ಇದೆಯಾ?”

“ಹರಿದು ಹಾಕಿದಾರಂತೆ. ನಮ್ಮಲ್ಲೂ ಅಷ್ಟು ಹಳೇದು ಇಟ್ಟಿಲ್ಲ.”

“ಹಾಗಾದ್ರೆ ಈಗ ಮಾಡು. ಹೊಸದಾಗಿ. ನಂಗೆ ಕಾಗದ ಬೇಕು.”

ಕೀಲಿಯಣ್ಣ ಸ್ಟೂಲಿನಿಂದ ಎದ್ದು ನಿಂತಿದ್ದರು. ಐವತ್ತನಾಲ್ಕರ ಮನುಷ್ಯ, ನೆರೆತ ತಲೆ. ಹನ್ನೊಂದನೇ ನಂಬರಿನ ಬಾಗಿಲ ಮುಂದೆ ಎಲ್ಲರ ಮುಖವೂ ಹುಳ್ಳಗಾಗುವುದನ್ನು ಹತ್ತೊಂಬತ್ತು ವರ್ಷ ನೋಡಿದವರು. ತಾವೇ ಕಪಾಟಿನಿಂದ ಒಂದು ಡಬ್ಬಿ ತೆಗೆದುಕೊಂಡರು. ಅದರ ಮೇಲೆ ತಮ್ಮ ಹೆಸರು ಬರೆದರು, ಹೆಂಡತಿಯ ಹೆಸರು ಬರೆದರು. ಗಟ್ಟಿಯಾಗಿ ಓದುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಓದಿದೆ. ಹೌದು ಎಂದರು. ಕೀಲಿ ತಿರುಗಿಸಿ ತಾವೇ ಬಾಗಿಲು ತೆರೆದು ಒಳಗೆ ಹೋದರು. ಅತ್ತಿಗೆ ಹೋಗಿ ಅವರ ಸ್ಟೂಲಿನಲ್ಲಿ ಕೂತರು.

ನಲವತ್ತು ನಿಮಿಷವಾಯಿತು. ಅತ್ತಿಗೆ ಅಲ್ಲಾಡಲಿಲ್ಲ. ಬಾಗಿಲು ತೆರೆದು ಬಂದ ಕೀಲಿಯಣ್ಣನಿಂದ ಡಬ್ಬಿ ಇಸಿದುಕೊಂಡರು. ನಾನು ಫಾರಂ ಹಿಡಿದು ನಿಂತಿದ್ದೆ. ಸಾಕ್ಷಿ ಎಂಬಲ್ಲಿ ಎಲ್ಲಿ ಹಾಕಬೇಕು ಎಂದು ಕೇಳಿ, ಒಂದೊಂದೇ ಅಕ್ಷರ ಬಿಡಿಸಿ ತಮ್ಮ ಹೆಸರು ಬರೆದರು. ಆಮೇಲೆ, ಗಂಡ ತರುತ್ತಿದ್ದುದನ್ನು ವರ್ಷಗಟ್ಟಲೆ ನೋಡಿದ್ದರಲ್ಲ, ಡಬ್ಬಿಯನ್ನು ಎರಡು ಅಂಗೈ ನಡುವೆ ಮುಚ್ಚಿ ಹಿಡಿದು ಲ್ಯಾಬಿನ ತನಕ ತಂದುಕೊಟ್ಟರು. ಡಬ್ಬಿ ಬೆಚ್ಚಗಿತ್ತು.

ಅರ್ಧ ಗಂಟೆ ಕಾದು, ಗಾಜಿನ ಮೇಲೆ ಹನಿ ಹಾಕಿ ನೋಡಿದೆ. ಏನೂ ಇರಲಿಲ್ಲ. ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ತೆಗೆದು ಮತ್ತೆ ನೋಡಿದೆ. ನೂರು ಕಡೆ ನೋಡಬೇಕೆಂದು ನಿಯಮ, ನಾನು ಇನ್ನೂರು ಕಡೆ ನೋಡಿದೆ. ಒಂದಾದರೂ ಸಿಗಲಿ ಎಂದು ಹುಡುಕುತ್ತಿದ್ದೆ. ಸಿಕ್ಕಿದ್ದರೆ ಅದರಿಂದ ಯಾರಿಗೆ ಏನು ಸುಖವಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣಲ್ಲಿ ನೀರು ಬರತೊಡಗಿದ ಮೇಲೆ ಬಿಟ್ಟು, ಸೊನ್ನೆ ಎಂದು ಬರೆದು, ಸೀಲು ಒತ್ತಿ ಹೊರಗೆ ಬಂದೆ.

ಇಬ್ಬರೂ ಬೆಂಚಿನಲ್ಲಿ ಕೂತಿದ್ದರು. ಕಾಗದವನ್ನು ಅತ್ತಿಗೆಯ ಕೈಗೇ ಕೊಟ್ಟೆ. ಅವರು ಆ ಸೊನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಎರಡಾಗಿ ಮಡಚಿ, ಫೈಲಿನಲ್ಲಿ ಇಡಲಿಲ್ಲ. ಕೀಲಿಯಣ್ಣನ ಅಂಗಿಯ ಜೇಬಿಗೆ ಹಾಕಿದರು.

“ನಡೀರಿ,” ಎಂದರು. “ನಿಮ್ಮಮ್ಮನಿಗೆ ಕಣ್ಣು ಕಾಣಲ್ಲ. ನೀವೇ ಓದಿ ಹೇಳಬೇಕು.”

ಕೀಲಿಯಣ್ಣ ಮಣಿಕಟ್ಟಿನಿಂದ ಕೀಲಿ ಬಿಚ್ಚಿ ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವರ ಹಿಂದೆ ಹೊರಟರು.